ಬಿಳಿಯ ಮೇಲೆ ಹರಿದ ಕೆಂಪು: ಮಾದರಿ ವಿಮಾನದ ಬಣ್ಣ ಕೆಟ್ಟಾಗ ಸರಿಪಡಿಸುವ ಬಗೆ

ಪ್ಲಾಸ್ಟಿಕ್ ಮಾದರಿ ವಿಮಾನಗಳನ್ನು ಕಟ್ಟುವವರಿಗೆ ಜೋಡಣೆಯ ಹಂತದ ತಪ್ಪುಗಳು ಅಷ್ಟಾಗಿ ಕಾಡುವುದಿಲ್ಲ. ಸಂದಿ ಉಳಿದರೆ ಪುಟ್ಟಿ ತುಂಬಬಹುದು, ರೆಕ್ಕೆ ಓರೆಯಾದರೆ ಅಂಟು ಗಟ್ಟಿಯಾಗುವ ಮೊದಲೇ ನೆಟ್ಟಗೆ ಮಾಡಬಹುದು. ನಿದ್ದೆಗೆಡಿಸುವ ಅವಘಡಗಳೆಲ್ಲ ಬಣ್ಣ ಹಚ್ಚುವಾಗ, ಡೆಕಾಲ್ (ನೀರಿನಲ್ಲಿ ನೆನೆಸಿ ಮೈಗೆ ಅಂಟಿಸುವ ತೆಳು ಚಿತ್ರ) ಅಂಟಿಸುವಾಗ, ಕೊನೆಯ ವಾರ್ನಿಷ್ ಸಿಂಪಡಿಸುವಾಗ ಆಗುತ್ತವೆ. ಅಂದರೆ ಮೂರು ನಾಲ್ಕು ವಾರಗಳ ಕೆಲಸ ಮುಗಿದು, ಇನ್ನೇನು ಕಪಾಟಿನಲ್ಲಿ ಇಡಬೇಕು ಎನ್ನುವ ಹೊತ್ತಿನಲ್ಲಿ. ಇವುಗಳಲ್ಲಿ ಬಹುಪಾಲನ್ನು ಸರಿಪಡಿಸಲು ಸಾಧ್ಯವಿದೆ. ಸರಿಪಡಿಸಲಾಗದ ಸ್ಥಿತಿಗೆ ಬಂದ ಮಾದರಿಗಳಲ್ಲಿ ಹೆಚ್ಚಿನವು ಮೂಲ ತಪ್ಪಿನಿಂದ ಆ ಸ್ಥಿತಿಗೆ ಬಂದಿರುವುದಿಲ್ಲ, ಆ ತಪ್ಪನ್ನು ಅವಸರದಲ್ಲಿ ತಿದ್ದಹೋದ ಕೈಗಳಿಂದ ಬಂದಿರುತ್ತವೆ ಎಂಬುದು ನನ್ನ ಅನುಭವ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದೇ ವಿಮಾನವನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. 1996ರಲ್ಲಿ ಬೀದರ್‌ನಲ್ಲಿ ಹುಟ್ಟಿಕೊಂಡ ಭಾರತೀಯ ವಾಯುಪಡೆಯ ಸೂರ್ಯಕಿರಣ್ ತಂಡವು ಮೊದಲು ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಕಿರಣ್ ವಿಮಾನಗಳನ್ನು ಹಾರಿಸುತ್ತಿತ್ತು. ಈಗ ಅದೇ ಎಚ್‌ಎಎಲ್ ಪರವಾನಗಿ ಪಡೆದು ತಯಾರಿಸಿದ ಹಾಕ್ ಮಾರ್ಕ್ 132 ವಿಮಾನಗಳನ್ನು ಕೆಂಪು ಬಿಳಿ ಬಣ್ಣದಲ್ಲಿ ಹಾರಿಸುತ್ತದೆ. ಈ ಹಾಕ್ ಅನ್ನು 1:72 ಅಳತೆಯಲ್ಲಿ ಮಾಡಹೊರಟರೆ ಈ ಹವ್ಯಾಸದ ಬಹುತೇಕ ಎಲ್ಲ ಅವಘಡಗಳಿಗೂ ಒಂದೊಂದು ಜಾಗ ಸಿಗುತ್ತದೆ. ಬಿಳಿ ಬಣ್ಣವು ಧೂಳಿನ ಒಂದು ಎಳೆಯನ್ನೂ ಮುಚ್ಚಿಡುವುದಿಲ್ಲ. ಕೆಂಪು ಮತ್ತು ಬಿಳಿ ಸೇರುವ ಅಂಚು ಚಾಕುವಿನಲ್ಲಿ ಕೊಯ್ದಂತೆ ಇರಬೇಕು. ಯುದ್ಧವಿಮಾನದ ಮಂಕು ಬೂದುಬಣ್ಣದಲ್ಲಿ ಕಾಣದೆ ಹೋಗುವ ಗೀರುಗಳೆಲ್ಲ ಈ ಹೊಳಪಿನ ಮೈಯಲ್ಲಿ ಎದ್ದು ಕಾಣುತ್ತವೆ. ಸಾಲದ್ದಕ್ಕೆ ಇಬ್ಬರು ಪೈಲಟ್‌ಗಳ ಉದ್ದನೆಯ ಗಾಜಿನ ಮುಸುಕು (ಮಾದರಿಯಲ್ಲಿ ಅದು ಪಾರದರ್ಶಕ ಪ್ಲಾಸ್ಟಿಕ್), ಮೂತಿಯ ತುದಿಯಲ್ಲಿ ಸದಾ ಮುರಿಯಲು ಕಾದಿರುವ ಒಂದು ಕಡ್ಡಿ.

ಮೊದಲು ಕೈ ಕಟ್ಟಿಕೊಳ್ಳುವುದು

ಏರ್‌ಬ್ರಷ್‌ನಿಂದ ಬಣ್ಣ ಸಿಂಪಡಿಸುವಾಗ ಒಂದು ಕಡೆ ಹೆಚ್ಚು ಹೊತ್ತು ನಿಂತು, ಬಣ್ಣವು ತೊಟ್ಟಾಗಿ ಕೆಳಗೆ ಜಾರಿತೆಂದು ಇಟ್ಟುಕೊಳ್ಳಿ. ಬಟ್ಟೆಯ ತುಂಡನ್ನು ಥಿನ್ನರ್‌ನಲ್ಲಿ ಅದ್ದಿ ಕೂಡಲೇ ಒರೆಸಬೇಕೆಂದು ಕೈ ತಹತಹಿಸುತ್ತದೆ. ನಾನು ಒಮ್ಮೆ ಹಾಗೆ ಒರೆಸಿದ್ದೇನೆ. ಜಾರಿದ ತೊಟ್ಟಿನ ಜೊತೆಗೆ ಅದರ ಸುತ್ತಲಿನ ಬಿಳಿ, ಅದರ ಕೆಳಗಿನ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹೊಡೆಯುವ ಪದರ) ಎಲ್ಲವೂ ಎದ್ದು ಬಂದು, ರೆಕ್ಕೆಯ ಬುಡದಲ್ಲಿ ಉಗುರಗಲದ ಪ್ಲಾಸ್ಟಿಕ್ ಬೆತ್ತಲಾಯಿತು. ಸುಮ್ಮನೆ ಬಿಟ್ಟಿದ್ದರೆ ಮರುದಿನ 800ರ ವಾಟರ್ ಪೇಪರ್‌ನಿಂದ (ನೀರು ಹಾಕಿ ಉಜ್ಜುವ ಮರಳು ಕಾಗದ, ಸಂಖ್ಯೆ ಹೆಚ್ಚಿದಷ್ಟೂ ನಯ) ತೊಟ್ಟನ್ನು ಸಮಮಾಡಿ, 1500ರಲ್ಲಿ ನಯಗೊಳಿಸಿ, ತೆಳುವಾಗಿ ಇನ್ನೊಂದು ಕೋಟು ಕೊಡಲು ಹದಿನೈದು ನಿಮಿಷ ಸಾಕಾಗುತ್ತಿತ್ತು.

ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ. ಏರ್‌ಬ್ರಷ್‌ನಿಂದ ತೆಳುವಾಗಿ ಹೊಡೆದ ಟಾಮಿಯಾ ಅಕ್ರಿಲಿಕ್ ಅರ್ಧ ಗಂಟೆಯೊಳಗೆ ಬೆರಳಿಗೆ ಒಣಗಿದಂತೆ ಕಂಡರೂ ಅದನ್ನು ಉಜ್ಜುವ ಮೊದಲು, ಅದರ ಮೇಲೆ ಟೇಪು ಒತ್ತುವ ಮೊದಲು ಒಂದು ದಿನವನ್ನಾದರೂ ಕೊಡಬೇಕು. ಲ್ಯಾಕರ್ ಬೇಗ ಒಣಗುತ್ತದೆ, ಕೆಲವು ಗಂಟೆಗಳು ಸಾಕು. ಹೊಳಪಿನ ಎನಾಮೆಲ್‌ಗೆ ಒಂದು ವಾರ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಗಡಿಯಾರಕ್ಕಿಂತ ಮೂಗು ನಂಬಿಕೆಗೆ ಅರ್ಹ: ಮಾದರಿಯನ್ನು ಮೂಗಿನ ಹತ್ತಿರ ಹಿಡಿದಾಗ ಬಣ್ಣದ ವಾಸನೆ ಇನ್ನೂ ಬರುತ್ತಿದ್ದರೆ ದ್ರಾವಕವು ಒಳಗಿನಿಂದ ಇನ್ನೂ ಹೊರಬರುತ್ತಿದೆ ಎಂದೇ ಅರ್ಥ. ಹೊಟ್ಟೆಯ ಭಾಗದಲ್ಲಿ, ಚಕ್ರದ ಗೂಡಿನ ಒಳಗೆ, ಯಾರ ಕಣ್ಣಿಗೂ ಬೀಳದ ಕಡೆ ಉಗುರಿನಿಂದ ಒತ್ತಿ ನೋಡುವುದೂ ಒಳ್ಳೆಯ ಪರೀಕ್ಷೆಯೇ.

ಯಾವುದರ ಮೇಲೆ ಯಾವುದು

ದುರಸ್ತಿ ಸಾಧ್ಯವೇ ಇಲ್ಲವೇ ಎಂಬುದನ್ನು ಬಹಳ ಮಟ್ಟಿಗೆ ನಿರ್ಧರಿಸುವುದು ಪದರಗಳ ಜಾತಿ. ನಮ್ಮ ಕೈಗೆ ಬರುವ ಬಣ್ಣಗಳು ಮುಖ್ಯವಾಗಿ ಮೂರು ಬಗೆಯವು. ಮಿಸ್ಟರ್ ಕಲರ್, ಟಾಮಿಯಾದ ಎಲ್‌ಪಿ ಸಾಲಿನಂಥ ಲ್ಯಾಕರ್‌ಗಳು ಒಂದು. ಟಾಮಿಯಾದ ಎಕ್ಸ್ ಮತ್ತು ಎಕ್ಸ್‌ಎಫ್ ಸಾಲಿನಂತೆ ಆಲ್ಕೊಹಾಲ್‌ನಲ್ಲಿ ಕರಗುವ, ವಲ್ಲೆಹೊದಂತೆ ನೀರು ಬೆರೆಸಿ ತೆಳುವಾಗಿಸುವ ಅಕ್ರಿಲಿಕ್‌ಗಳು ಇನ್ನೊಂದು. ಹಂಬ್ರಾಲ್‌ನಂಥ ಎನಾಮೆಲ್‌ಗಳು ಮತ್ತು ಕಲಾವಿದರ ತೈಲವರ್ಣಗಳು ಮೂರನೆಯದು. ಲ್ಯಾಕರ್ ಥಿನ್ನರ್ ಎಲ್ಲಕ್ಕಿಂತ ತೀಕ್ಷ್ಣ, ಅದು ಉಳಿದ ಎರಡನ್ನೂ ಪ್ಲಾಸ್ಟಿಕ್ಕನ್ನೂ ಕರಗಿಸಬಲ್ಲದು. ಆಲ್ಕೊಹಾಲ್ ಅಕ್ರಿಲಿಕ್ ಅನ್ನು ಎಬ್ಬಿಸುತ್ತದೆ, ಗಟ್ಟಿಯಾದ ಲ್ಯಾಕರ್‌ನ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಟರ್ಪೆಂಟೈನ್ ಎನಾಮೆಲ್ಲನ್ನು ಕರಗಿಸುತ್ತದೆ, ಗಟ್ಟಿಯಾದ ಅಕ್ರಿಲಿಕ್ಕನ್ನು ಮುಟ್ಟುವುದಿಲ್ಲ.

ಆದ್ದರಿಂದ ನಾನು ಹಾಕ್‌ನ ಬಿಳಿಯನ್ನು ಲ್ಯಾಕರ್‌ನಲ್ಲಿ, ಕೆಂಪನ್ನು ಅಕ್ರಿಲಿಕ್‌ನಲ್ಲಿ, ಮೈಮೇಲೆ ಕೊರೆದ ಗೆರೆಗಳಿಗೆ ತುಂಬುವ ವಾಷ್ ಅನ್ನು (ತುಂಬ ತೆಳುವಾಗಿಸಿದ ಬಣ್ಣ) ಎನಾಮೆಲ್‌ನಲ್ಲಿ ಮಾಡುತ್ತೇನೆ. ಹೀಗೆ ಮಾಡಿದಾಗ ಮೇಲಿನ ಪದರದಲ್ಲಿ ಏನೇ ತಪ್ಪಾದರೂ ಕೆಳಗಿನದನ್ನು ಕೆಡಿಸದೆ ಅದೊಂದನ್ನೇ ಅಳಿಸಬಹುದು. ಇದನ್ನು ತಿರುವುಮುರುವು ಮಾಡಿದರೆ, ಅಂದರೆ ಪೂರ್ತಿ ಗಟ್ಟಿಯಾಗದ ಎನಾಮೆಲ್‌ನ ಮೇಲೆ ಲ್ಯಾಕರ್ ಹೊಡೆದರೆ, ಕೆಳಗಿನ ಪದರ ಉಬ್ಬಿ, ಆರಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ. ಸುಕ್ಕುಗಟ್ಟಿದ ಬಣ್ಣಕ್ಕೆ ಮೇಲಿಂದ ಮಾಡುವ ಮದ್ದಿಲ್ಲ. ಒಂದು ವಾರ ಬಿಟ್ಟು, ಅದು ಕಲ್ಲಿನಂತಾದ ಮೇಲೆ 400 ಅಥವಾ 600ರ ವಾಟರ್ ಪೇಪರ್‌ನಿಂದ ನೀರು ಹಾಕಿ ಸಮತಟ್ಟಾಗುವವರೆಗೆ ಉಜ್ಜಿ, ಮತ್ತೆ ಪ್ರೈಮರ್‌ನಿಂದ ಶುರುಮಾಡಬೇಕು.

ಬಿಳಿಯನ್ನು ಮೊದಲು ಹೊಡೆದು ಕೆಂಪನ್ನು ಆಮೇಲೆ ಹೊಡೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಕೆಲವು ಕೆಂಪು ಬಣ್ಣಗಳು ತಮ್ಮ ಮೇಲೆ ಬಿದ್ದ ಬಿಳಿಯೊಳಕ್ಕೆ ನಿಧಾನವಾಗಿ ಏರುತ್ತವೆ. ಎಷ್ಟು ಕೋಟು ಹೊಡೆದರೂ ಬಿಳಿ ನಸುಗುಲಾಬಿಯಾಗಿಯೇ ಉಳಿಯುತ್ತದೆ. ತಪ್ಪಿ ಬಿದ್ದ ಕೆಂಪಿನ ಮೇಲೆ ಬಿಳಿ ಹೊಡೆಯಲೇಬೇಕಾಗಿ ಬಂದರೆ ನಡುವೆ ಬೆಳ್ಳಿಬಣ್ಣದ ಒಂದು ತೆಳು ಪದರವನ್ನು ತಡೆಗೋಡೆಯಾಗಿ ಹಾಕಿಕೊಳ್ಳುವುದು ಒಳಿತು.

ಟೇಪು ಕಿತ್ತಾಗ

ಬಣ್ಣ ತಾಗಬಾರದ ಭಾಗವನ್ನು ಮುಚ್ಚಿದ ಮಾಸ್ಕಿಂಗ್ ಟೇಪು ಎತ್ತಿದಾಗ ಕೆಂಪು ಬಣ್ಣವು ಬಿಳಿಯೊಳಕ್ಕೆ ಬೇರುಬಿಟ್ಟಂತೆ ಹರಿದಿರುವುದನ್ನು ಕಂಡು ಕುರ್ಚಿಯಲ್ಲಿ ಕುಸಿಯದ ಹವ್ಯಾಸಿ ಇರಲಾರ. ಹೀಗೆ ಆಗುವುದಕ್ಕೆ ಎರಡು ಕಾರಣಗಳಿವೆ. ಮೊದಲ ಕೋಟನ್ನೇ ಒದ್ದೆಯಾಗಿ ಹೊಡೆದಿದ್ದರೆ ಬಣ್ಣ ಟೇಪಿನ ಅಡಿಗೆ ನುಗ್ಗುತ್ತದೆ. ವಿಮಾನದ ತಗಡುಗಳು ಸೇರುವ ಕಡೆಗಳನ್ನು ತೋರಿಸುವ, ಮೈಮೇಲಿನ ಪ್ಯಾನೆಲ್ ಗೆರೆಗಳ ಮೇಲೆ ಟೇಪು ಹಾದುಹೋಗಿದ್ದರೆ ಆ ಗೆರೆಗಳೇ ಕಾಲುವೆಗಳಾಗಿ ಬಣ್ಣವನ್ನು ಒಳಕ್ಕೆ ಎಳೆದುಕೊಳ್ಳುತ್ತವೆ.

ಬಿಳಿ ಲ್ಯಾಕರ್, ಕೆಂಪು ಅಕ್ರಿಲಿಕ್ ಆಗಿದ್ದರೆ ದುರಸ್ತಿ ಸುಲಭ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಲ್ಲಿ ಸರ್ಕ್ಯೂಟ್ ಬೋರ್ಡು ಒರೆಸಲೆಂದು ಮಾರುವ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹಲ್ಲುಕಡ್ಡಿಯ ಚೂಪಾದ ತುದಿಯನ್ನು ಅದ್ದಿ, ಕಾಗದಕ್ಕೆ ಒಮ್ಮೆ ಒತ್ತಿ, ಹರಿದ ಕೆಂಪನ್ನು ಬಿಳಿಯ ಕಡೆಯಿಂದ ಅಂಚಿನ ಕಡೆಗೆ ತಳ್ಳುತ್ತ ಬರಬೇಕು. ಕಡ್ಡಿಯು ತೇವವಾಗಿರಬೇಕೇ ಹೊರತು ತೊಟ್ಟಿಕ್ಕುವಂತಿರಬಾರದು. ಪ್ರತಿ ಎರಡು ಮೂರು ಗೀಚಿಗೊಮ್ಮೆ ಕಡ್ಡಿಯನ್ನು ಬದಲಿಸಬೇಕು, ಇಲ್ಲವಾದರೆ ಎಬ್ಬಿಸಿದ ಕೆಂಪನ್ನೇ ಮತ್ತೆ ಬಿಳಿಗೆ ಸವರಿದಂತಾಗುತ್ತದೆ. ಕೆಲಸಕ್ಕೆ ಒಂದು ಸಂಜೆ ಹಿಡಿಯಬಹುದು, ಆದರೆ ಫಲಿತಾಂಶವು ಟೇಪಿನಿಂದ ಬಂದ ಅಂಚಿಗಿಂತಲೂ ಚೊಕ್ಕವಾಗಿರುತ್ತದೆ.

ಎರಡೂ ಬಣ್ಣಗಳು ಒಂದೇ ಜಾತಿಯವಾಗಿದ್ದರೆ ಈ ಉಪಾಯ ನಡೆಯದು. ಆಗ ಹೊಸ ಶೇವಿಂಗ್ ಬ್ಲೇಡನ್ನು ಮೈಗೆ ಲಂಬವಾಗಿ ಹಿಡಿದು, ಕೊಯ್ಯದೆ, ಹರಿದ ಬಣ್ಣವನ್ನು ಮೆಲ್ಲಗೆ ಕೆರೆಯಬಹುದು. ಹರಿವು ಹೆಚ್ಚಿದ್ದರೆ ಕೆಂಪಿನ ಅಂಚಿಗೆ ಸರಿಯಾಗಿ ಹೊಸ ಟೇಪು ಹಾಕಿ, ಬಿಳಿಯ ಭಾಗವನ್ನು 2000ರ ಪೇಪರ್‌ನಿಂದ ತೇವದಲ್ಲಿ ಉಜ್ಜಿ, ಬಿಳಿಯನ್ನೇ ತೆಳುವಾಗಿ ಮತ್ತೆ ಸಿಂಪಡಿಸಬೇಕು. ಮುಂದಿನ ಸಲ ಇದು ಆಗದಂತೆ ತಡೆಯುವ ಕ್ರಮ ಸರಳವಾಗಿದೆ: ಟೇಪು ಒತ್ತಿದ ಮೇಲೆ ಮೊದಲು ಕೆಳಗಿನ ಬಣ್ಣವನ್ನೇ, ಇಲ್ಲಿ ಬಿಳಿಯನ್ನೇ, ಅಂಚಿನ ಮೇಲೆ ಒಮ್ಮೆ ಹಾಯಿಸಬೇಕು. ನುಗ್ಗುವುದಿದ್ದರೆ ಬಿಳಿ ನುಗ್ಗಿ ಸಂದಿಗಳನ್ನು ಮುಚ್ಚುತ್ತದೆ, ಆಮೇಲೆ ಬಂದ ಕೆಂಪಿಗೆ ದಾರಿಯೇ ಇರುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಟೇಪಿನ ಜೊತೆಯಲ್ಲೇ ಬಣ್ಣ ಎದ್ದು ಬರುವುದು. ಕಾರ್ಖಾನೆಯಲ್ಲಿ ಅಚ್ಚಿನಿಂದ ಪ್ಲಾಸ್ಟಿಕ್ ಸುಲಭವಾಗಿ ಬಿಡಲೆಂದು ಬಳಸಿದ ಜಿಡ್ಡನ್ನೋ ನಮ್ಮದೇ ಬೆರಳಿನ ಎಣ್ಣೆಯನ್ನೋ ತೊಳೆಯದಿದ್ದರೆ, ಪ್ರೈಮರ್ ಹೊಡೆಯದಿದ್ದರೆ ಹೀಗಾಗುತ್ತದೆ. ಎದ್ದ ಜಾಗವನ್ನು ಸುಮ್ಮನೆ ಕುಂಚದಿಂದ ತುಂಬಿದರೆ ಆ ತಗ್ಗು ಹೊಳಪಿನ ಬಣ್ಣದಲ್ಲಿ ಕುಳಿಯಂತೆ ಕಾಣುತ್ತದೆ. ಮೊದಲು ಉಳಿದ ಬಣ್ಣದ ಒರಟು ಅಂಚನ್ನು 1000ರ ಪೇಪರ್‌ನಿಂದ ಇಳಿಜಾರಾಗುವಂತೆ ಉಜ್ಜಬೇಕು. ಬೆರಳು ಆಡಿಸಿದಾಗ ಮೆಟ್ಟಿಲು ತಾಗಬಾರದು. ತಾಗುತ್ತಿದ್ದರೆ ಮಿಸ್ಟರ್ ಸರ್ಫೇಸರ್ 1000ದಂಥ ದ್ರವರೂಪದ ಪುಟ್ಟಿಯನ್ನು ಕುಂಚದಿಂದ ಹಚ್ಚಿ, ಒಣಗಿಸಿ, ಮತ್ತೆ ಉಜ್ಜಿ, ಆ ಭಾಗಕ್ಕಷ್ಟೇ ಪ್ರೈಮರ್ ಹೊಡೆದು ಬಣ್ಣ ಕೊಡಬೇಕು. ಟೇಪನ್ನು ಅಂಟಿಸುವ ಮೊದಲು ಒಂದೆರಡು ಸಲ ಅಂಗೈಗೆ ಅಂಟಿಸಿ ಕಿತ್ತರೆ ಅದರ ಬಿಗಿ ಸಡಿಲುತ್ತದೆ. ಕೀಳುವಾಗ ಮೇಲಕ್ಕೆ ಎಳೆಯದೆ, ಟೇಪನ್ನು ಅದರ ಬೆನ್ನಿನ ಮೇಲೇ ಮಡಚಿ, ಮೈಗೆ ಒರಗಿಸಿಕೊಂಡು ಹಿಂದಕ್ಕೆ ಎಳೆಯಬೇಕು.

ಕಿತ್ತಳೆ ಸಿಪ್ಪೆ, ಧೂಳು, ಮಳೆಗಾಲದ ಬಿಳಿಚು

ಬಣ್ಣ ದಪ್ಪವಾಗಿದ್ದು ಹರಡುವ ಮೊದಲೇ ಒಣಗಿದರೆ ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ. ಏರ್‌ಬ್ರಷ್ ದೂರವಿದ್ದು ಗಾಳಿಯ ಒತ್ತಡ ಹೆಚ್ಚಾಗಿದ್ದರೆ ಬಣ್ಣದ ಹನಿಗಳು ಹಾದಿಯಲ್ಲೇ ಒಣಗಿ ರವೆಯಂತೆ ಕೂರುತ್ತವೆ. ತೀರಾ ತೆಳುವಾಗಿ, ತೀರಾ ಹತ್ತಿರದಿಂದ ಹೊಡೆದರೆ ಜೇಡನ ಕಾಲುಗಳಂತೆ ಸುತ್ತಲೂ ಚೆದುರುತ್ತದೆ. ಮೂರಕ್ಕೂ ಔಷಧ ಒಂದೇ. ಪೂರ್ತಿ ಗಟ್ಟಿಯಾಗಲು ಬಿಟ್ಟು, 1500 ಮತ್ತು 2000ರ ವಾಟರ್ ಪೇಪರ್‌ಗಳಿಂದ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದ ನೀರಿನಲ್ಲಿ ಉಜ್ಜಿ, ಮತ್ತೊಂದು ಕೋಟು ಕೊಡುವುದು. ಟಾಮಿಯಾ ಅಕ್ರಿಲಿಕ್‌ಗೆ ಬಣ್ಣದಷ್ಟೇ, ಕೆಲವೊಮ್ಮೆ ಅದರ ಎರಡರಷ್ಟು, ಥಿನ್ನರ್ ಬೆರೆಸಿ, ಒತ್ತಡವನ್ನು 15 ಪಿಎಸ್‌ಐ ಆಸುಪಾಸಿನಲ್ಲಿ ಇಟ್ಟುಕೊಂಡರೆ ನನಗೆ ಈ ತೊಂದರೆಗಳು ಬಹುಮಟ್ಟಿಗೆ ತಪ್ಪಿವೆ. ಉಜ್ಜುವಾಗ ರೆಕ್ಕೆಯ ಅಂಚು, ಬಾಲದ ತುದಿಯಂಥ ಏಣುಗಳ ಮೇಲೆ ಬಹಳ ಹಗುರವಾಗಿ ಕೈಯಾಡಿಸಿ, ಏಕೆಂದರೆ ಬಣ್ಣವು ಮೊದಲು ಸವೆದು ಪ್ಲಾಸ್ಟಿಕ್ ಇಣುಕುವುದು ಅಲ್ಲಿಯೇ.

ಧೂಳಿನ ಎಳೆಯೊಂದು ಒದ್ದೆ ಬಿಳಿಯ ಮೇಲೆ ಬಿದ್ದಾಗ ಚಿಮುಟದಿಂದ ತೆಗೆಯುವ ಸಾಹಸ ಬೇಡ. ಎಳೆ ಬರುತ್ತದೆ, ಜೊತೆಗೆ ಒಂದು ಗುಳಿಯೂ ಬರುತ್ತದೆ. ಒಣಗಿದ ಮೇಲೆ ಉಜ್ಜಿದರೆ ಅದು ತಾನೇ ಹೋಗುತ್ತದೆ. ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು ಆವಿಯಿಂದ ಧೂಳು ಕೂರಿಸಿ ಅಲ್ಲಿಯೇ ಬಣ್ಣ ಹೊಡೆಯಿರಿ ಎಂಬ ಸಲಹೆಯನ್ನು ಹಲವರು ಕೊಡುತ್ತಾರೆ. ಧೂಳಿನ ಮಟ್ಟಿಗೆ ಅದು ನಿಜವೇ, ಆದರೆ ಲ್ಯಾಕರ್ ಹೊಡೆಯುವವರು ಆ ಸಲಹೆಯನ್ನು ಕೇಳಿದರೆ ಮುಂದೆ ಹೇಳುವ ಆಪತ್ತನ್ನು ತಾವೇ ಕರೆದುಕೊಂಡಂತೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನಲ್ಲಂತೂ ಸರಿಯೇ, ಬೆಂಗಳೂರಿನಲ್ಲೂ ಲ್ಯಾಕರ್ ವಾರ್ನಿಷ್ ಹೊಡೆದ ಕೆಲವೇ ನಿಮಿಷಗಳಲ್ಲಿ ಕೆಂಪು ಮೈಯ ಮೇಲೆ ಹಾಲಿನಂಥ ಮಬ್ಬು ಕವಿಯುವುದುಂಟು. ದ್ರಾವಕವು ಬೇಗ ಆವಿಯಾಗುವಾಗ ಮೈಯನ್ನು ತಣಿಸುತ್ತದೆ, ತಣಿದ ಮೈಗೆ ಗಾಳಿಯ ತೇವ ಬಂದು ಹತ್ತುತ್ತದೆ, ಅದು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ನೋಡಿದರೆ ಎಲ್ಲವೂ ಹಾಳಾದಂತೆ ಅನಿಸಿದರೂ ಇದು ಸುಲಭವಾಗಿ ಗುಣವಾಗುವ ಕಾಯಿಲೆ. ಮಳೆ ನಿಂತ ದಿನ ನೋಡಿ, ನಿಧಾನವಾಗಿ ಆರುವ ಲೆವೆಲಿಂಗ್ ಥಿನ್ನರನ್ನು ಮಾತ್ರ ಏರ್‌ಬ್ರಷ್‌ನಿಂದ ಮಂಜಿನಂತೆ ಹಾಯಿಸಿದರೆ ವಾರ್ನಿಷ್ ಮತ್ತೆ ಸ್ವಲ್ಪ ಮೆತ್ತಗಾಗಿ, ಸಿಕ್ಕಿದ ತೇವವನ್ನು ಬಿಟ್ಟುಕೊಟ್ಟು ತಿಳಿಯಾಗುತ್ತದೆ. ವಾರ್ನಿಷ್‌ನ ಕೆಳಗೆ ಅಕ್ರಿಲಿಕ್ ಬಣ್ಣವೋ ಡೆಕಾಲ್‌ಗಳೋ ಇರುವುದರಿಂದ ಇದನ್ನು ಎಂದಿಗೂ ಒದ್ದೆಯಾಗಿ ಹೊಡೆಯಬಾರದು. ಒಂದು ಹಾಯಿ, ಐದು ನಿಮಿಷ ವಿರಾಮ, ಬೇಕಿದ್ದರೆ ಇನ್ನೊಂದು ಹಾಯಿ. ಕೋಣೆಯ ಕಿಟಕಿ ತೆರೆದಿರಲಿ, ಮುಖಕ್ಕೆ ಕಾರು ಪೇಂಟರ್‌ಗಳು ಹಾಕುವಂಥ ಇಂಗಾಲದ ಫಿಲ್ಟರಿನ ಮಾಸ್ಕ್ ಇರಲಿ, ಸಾಮಾನ್ಯ ಬಟ್ಟೆಯ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ.

ಮಂಕು ವಾರ್ನಿಷ್ ಬಿಳಿಚಿಕೊಳ್ಳುವುದಕ್ಕೆ ಕಾರಣ ಬೇರೆ ಇರಬಹುದು. ಹೊಳಪನ್ನು ಕೊಲ್ಲಲು ಅದರಲ್ಲಿ ಬೆರೆಸಿದ ಪುಡಿಯು ಬಾಟಲಿಯ ತಳದಲ್ಲಿ ಕೂತಿದ್ದು, ಸರಿಯಾಗಿ ಕಲಕದೆ ಹೊಡೆದರೆ ಪುಡಿ ಒಂದೊಂದು ಕಡೆ ಗುಂಪಾಗಿ ಬಿಳಿ ಕಲೆಗಳಾಗುತ್ತವೆ. ಅದರ ಮೇಲೆ ಹೊಳಪಿನ ವಾರ್ನಿಷ್ ಒಂದು ಕೋಟು ಹೊಡೆದರೆ ಕಲೆಗಳು ಬಹುಪಾಲು ಮಾಯವಾಗುತ್ತವೆ, ಆಮೇಲೆ ಚೆನ್ನಾಗಿ ಕಲಕಿದ ಮಂಕು ವಾರ್ನಿಷ್‌ನಿಂದ ಮತ್ತೆ ಮುಗಿಸಬಹುದು. ನಮ್ಮ ಸೂರ್ಯಕಿರಣ್ ಹಾಕ್‌ಗೆ ಮಂಕು ವಾರ್ನಿಷ್ ಬೇಕಿಲ್ಲವಾದ್ದರಿಂದ ಈ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ. ಬಿಳಿ ಬಣ್ಣದ ಮೇಲೆ ಎನಾಮೆಲ್ ವಾರ್ನಿಷ್ ಮಾತ್ರ ಬಳಸಬೇಡಿ. ಅದು ವರ್ಷಗಳು ಕಳೆದಂತೆ ಹಳದಿಯಾಗುತ್ತದೆ, ಆ ಹಳದಿಗೆ ಮದ್ದಿಲ್ಲ.

ಡೆಕಾಲ್‌ಗಳು

ಡೆಕಾಲ್‌ನ ಸುತ್ತಲಿನ ಪಾರದರ್ಶಕ ಹಾಳೆಯ ಕೆಳಗೆ ಬೆಳ್ಳಿಯಂತೆ ಹೊಳೆಯುವ ಮಚ್ಚೆಗಳು ಕಾಣಿಸಿಕೊಳ್ಳುವುದನ್ನು ಹವ್ಯಾಸಿಗಳು ಸಿಲ್ವರಿಂಗ್ ಎನ್ನುತ್ತಾರೆ. ಒರಟು ಮೈಯ ಸಣ್ಣ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡಿರುವುದೇ ಇದಕ್ಕೆ ಕಾರಣ. ಮಂಕು ಬಣ್ಣದ ಮೇಲೆ ನೇರವಾಗಿ ಡೆಕಾಲ್ ಅಂಟಿಸಿದವರಿಗೆಲ್ಲ ಇದರ ಪರಿಚಯವಿದೆ. ಡೆಕಾಲ್ ಒಣಗಿದ ಮೇಲೂ ಸರಿಪಡಿಸಬಹುದು. ಹೊಸ ಸೂಜಿಯ ತುದಿಯಿಂದ ಮಚ್ಚೆಯ ಮೇಲೆ ಹತ್ತಿಪ್ಪತ್ತು ಕಡೆ ಚುಚ್ಚಿ, ಮೈಕ್ರೊ ಸಾಲ್ ಅಥವಾ ಮಿಸ್ಟರ್ ಮಾರ್ಕ್ ಸಾಫ್ಟರ್‌ನಂಥ ಮೆದುಕಾರಿ ದ್ರಾವಣವನ್ನು ಕುಂಚದಿಂದ ಹಚ್ಚಿ ಬಿಟ್ಟರೆ ದ್ರಾವಣವು ತೂತುಗಳಿಂದ ಇಳಿದು, ಗಾಳಿಯನ್ನು ಹೊರದಬ್ಬಿ, ಹಾಳೆಯನ್ನು ಮೈಗೆ ಕೂರಿಸುತ್ತದೆ. ಒಂದೇ ಸಲಕ್ಕೆ ಹೋಗದಿದ್ದರೆ ಮರುದಿನ ಮತ್ತೊಮ್ಮೆ ಮಾಡಬೇಕು.

ಈ ದ್ರಾವಣ ಹಚ್ಚಿದ ಕೆಲವು ನಿಮಿಷಗಳಲ್ಲಿ ಡೆಕಾಲ್ ಮುದುಡಿ, ಒಣಗಿದ ಎಲೆಯಂತೆ ಸುಕ್ಕಾಗುವುದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ, ಬೆರಳಿನಿಂದ ಸವರಿ ನೇರ ಮಾಡಲು ಹೋಗುತ್ತಾರೆ. ಆಗ ಡೆಕಾಲ್ ಒದ್ದೆ ಹಪ್ಪಳದಷ್ಟೇ ಮೆತ್ತಗಿರುತ್ತದೆ, ಮುಟ್ಟಿದರೆ ಹರಿಯುತ್ತದೆ. ಎದ್ದು ಹೋಗಿ ಕಾಫಿ ಕುಡಿದು ಬನ್ನಿ. ಅದು ತಾನಾಗಿಯೇ ಬಿಗಿದುಕೊಂಡು ಪ್ಯಾನೆಲ್ ಗೆರೆಗಳೊಳಗೆ ಇಳಿದಿರುತ್ತದೆ.

ಹಾಕ್‌ನಲ್ಲಿ ಇನ್ನೊಂದು ತೊಡಕಿದೆ. ವಾಯುಪಡೆಯ ವೃತ್ತಲಾಂಛನದಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ಇರುತ್ತದೆ. ಇದನ್ನು ಕೆಂಪು ಮೈಯ ಮೇಲೆ ಅಂಟಿಸಿದಾಗ ಡೆಕಾಲ್‌ನ ಬಿಳಿ ತೆಳ್ಳಗಿದ್ದರೆ ಕೆಳಗಿನ ಕೆಂಪು ಹಾಯ್ದು ಗುಲಾಬಿಯಾಗಿ ಕಾಣುತ್ತದೆ, ಕೇಸರಿಯೂ ಕಡುವಾಗುತ್ತದೆ. ಅಂಟಿಸುವ ಮೊದಲೇ ಗೊತ್ತಾದರೆ ಲಾಂಛನಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾದ ಬಿಳಿ ವೃತ್ತವೊಂದನ್ನು ಮೊದಲು ಹೊಡೆದುಕೊಳ್ಳಬೇಕು. ಅಂಟಿಸಿ ಆಗಿದ್ದರೆ, ಹಾಳೆಯಲ್ಲಿ ಹೆಚ್ಚುವರಿ ಲಾಂಛನ ಉಳಿದಿದ್ದರೆ, ಅದನ್ನೇ ಮೊದಲನೆಯದರ ಮೇಲೆ ನಿಖರವಾಗಿ ಕೂರಿಸುವುದು ಅತ್ಯಂತ ಕಡಿಮೆ ನೋವಿನ ದಾರಿ. ನೀರು ಹೆಚ್ಚಾಗಿ ಹಾಕಿಕೊಂಡರೆ ಕುಂಚದಿಂದ ಜಾರಿಸುತ್ತ ಸರಿಹೊಂದಿಸಲು ಸಾಕಷ್ಟು ಸಮಯ ಸಿಗುತ್ತದೆ.

ಹಳೆಯ ಕಿಟ್‌ನ ಡೆಕಾಲ್‌ಗಳು ನೀರಿಗೆ ಹಾಕಿದೊಡನೆ ಚೂರುಚೂರಾಗುತ್ತವೆ. ಹಾಗಾಗಿ ಬೇಡದ ಒಂದು ಚಿಕ್ಕ ಡೆಕಾಲ್ ಅನ್ನು ಮೊದಲು ಪರೀಕ್ಷೆಗೆ ಮುಳುಗಿಸಿ ನೋಡಿ. ಅದು ಒಡೆದರೆ ಉಳಿದ ಇಡೀ ಹಾಳೆಗೆ ಹೊಳಪಿನ ವಾರ್ನಿಷ್ ಹೊಡೆದು ಒಣಗಿಸಿ, ಪ್ರತಿಯೊಂದನ್ನೂ ಅದರ ಆಕಾರಕ್ಕೆ ಹತ್ತಿರವಾಗಿ ಕತ್ತರಿಸಿಕೊಳ್ಳಬೇಕು. ಹಳದಿಗೆ ತಿರುಗಿದ ಹಾಳೆಯನ್ನು ಬಿಸಿಲು ಬೀಳುವ ಕಿಟಕಿಯ ಗಾಜಿಗೆ, ಚಿತ್ರಗಳು ಬಿಸಿಲಿನ ಕಡೆಗಿರುವಂತೆ, ಕೆಲವು ದಿನ ಅಂಟಿಸಿಟ್ಟರೆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ. ನಮ್ಮ ಬಿಸಿಲಿನ ಪ್ರಯೋಜನಗಳಲ್ಲಿ ಇದೂ ಒಂದು.

ಗಾಜಿನ ಮುಸುಕು

ಹಾಕ್‌ನ ಮುಸುಕಿನ ಮೇಲೆ ಅಡ್ಡಾದಿಡ್ಡಿಯಾಗಿ ಓಡುವ ಗೆರೆಯೊಂದು ಕಾಣುತ್ತದೆ; ಪೈಲಟ್ ಹೊರಚಿಮ್ಮುವ ಮುನ್ನ ಗಾಜನ್ನು ಒಡೆಯುವ ಸ್ಫೋಟಕದ ಎಳೆ ಅದು. ಆ ಗೆರೆಯನ್ನು ಇಷ್ಟು ಚಿಕ್ಕದರಲ್ಲಿ ತೋರಿಸಲು ಪಟ್ಟ ಶ್ರಮವೆಲ್ಲ ಒಂದು ತಪ್ಪು ಅಂಟಿನಿಂದ ಮಣ್ಣುಪಾಲಾಗುತ್ತದೆ. ನಾವು ಅಂಗಡಿಯಲ್ಲಿ ಫೆವಿಕ್ವಿಕ್ ಎಂದೇ ಕೇಳಿ ತರುವ ಸಯನೋಅಕ್ರಿಲೇಟ್ ಜಾತಿಯ ಅಂಟು ಯಾವ ಕಂಪನಿಯದಾದರೂ ಸರಿ, ಅದರ ಆವಿಯು ಗಾಜಿನ ಮೇಲಿನ ತೇವ ಮತ್ತು ಬೆರಳಚ್ಚುಗಳ ಮೇಲೆ ಬಿಳಿಯ ಮಂಜಾಗಿ ಗಟ್ಟಿಯಾಗುತ್ತದೆ. ಅದರಿಂದ ಅಂಟಿಸಿದ ಕಾಕ್‌ಪಿಟ್ಟನ್ನು ಅದೇ ದಿನ ಮುಚ್ಚಿದರೂ ಸಾಕು, ಆವಿ ಒಳಗೇ ಉಳಿದು ರಾತ್ರಿ ಕಳೆಯುವಷ್ಟರಲ್ಲಿ ಮಬ್ಬು ಕವಿದಿರುತ್ತದೆ.

ಮಬ್ಬು ಹೊರಗಿನದಾದರೆ 2000, 3000 ಹೀಗೆ ಏರುತ್ತ ಹೋಗುವ ಪೇಪರ್‌ಗಳಿಂದ ನೀರಿನಲ್ಲಿ ಉಜ್ಜಿ, ಕಾರಿನ ಅಂಗಡಿಯ ನಯವಾದ ರಬ್ಬಿಂಗ್ ಕಾಂಪೌಂಡ್‌ನಿಂದಲೋ, ಅದಿಲ್ಲದಿದ್ದರೆ ಜೆಲ್ ಅಲ್ಲದ ಬಿಳಿಯ ಟೂತ್‌ಪೇಸ್ಟ್‌ನಿಂದಲೋ ಮೆತ್ತನೆ ಬಟ್ಟೆಯಲ್ಲಿ ಪಾಲಿಶ್ ಮಾಡಬೇಕು. ಉಜ್ಜಲು ಶುರುಮಾಡಿದಾಗ ಗಾಜು ಪೂರ್ತಿ ಕುರುಡಾಗಿ ಎದೆ ಧಸಕ್ಕೆನ್ನುತ್ತದೆ. ಪ್ರತಿ ಹಂತವೂ ಹಿಂದಿನ ಹಂತದ ಗೀರುಗಳನ್ನು ಪೂರ್ತಿಯಾಗಿ ಅಳಿಸಿದ ಮೇಲಷ್ಟೇ ಮುಂದಿನದಕ್ಕೆ ಹೋದರೆ ಅದು ಮತ್ತೆ ತಿಳಿಯಾಗುತ್ತದೆ. ಕೊನೆಯಲ್ಲಿ ತೆಳುವಾದ ಅಕ್ರಿಲಿಕ್ ಕ್ಲಿಯರ್ ಒಂದು ಪದರ ಕೊಟ್ಟರೆ ಉಳಿದ ಕೂದಲಿನಂಥ ಗೀರುಗಳೂ ತುಂಬಿಕೊಳ್ಳುತ್ತವೆ. ದ್ರವರೂಪದ ಪ್ಲಾಸ್ಟಿಕ್ ಸಿಮೆಂಟ್ ಗಾಜಿನ ಮೇಲೆ ಹರಿದಾಗಲೂ ಇದೇ ಕ್ರಮ, ಆದರೆ ಒರೆಸದೆ ಎರಡು ಮೂರು ದಿನ ಬಿಟ್ಟು, 1000ದಿಂದ ಉಜ್ಜಲು ಆರಂಭಿಸಬೇಕು.

ಮಬ್ಬು ಒಳಗಿನದಾದರೆ ಮುಸುಕನ್ನು ಕಿತ್ತುವುದಲ್ಲದೆ ಬೇರೆ ದಾರಿಯಿಲ್ಲ. ನಾನು ಈಗ ಗಾಜನ್ನು ಫೆವಿಕಾಲ್‌ನಂಥ ಬಿಳಿ ಅಂಟಿನಿಂದಲೇ ಅಂಟಿಸುವುದು ಈ ಕಾರಣಕ್ಕಾಗಿ. ಅದು ಒಣಗಿದಾಗ ತಿಳಿಯಾಗುತ್ತದೆ, ಆವಿ ಬಿಡುವುದಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಅಂಚಿಗೆ ಕುಂಚದಿಂದ ನೀರು ತೊಡೆಯುತ್ತ ಹೋದರೆ ಅರ್ಧ ಗಂಟೆಯಲ್ಲಿ ಮೆತ್ತಗಾಗಿ ಮುಸುಕು ಇಡಿಯಾಗಿ ಕೈಗೆ ಬರುತ್ತದೆ.

ವಾಷ್ ಮತ್ತು ಮೂತಿಯ ಕಡ್ಡಿ

ಪ್ರದರ್ಶನ ತಂಡದ ವಿಮಾನಗಳು ತೊಳೆದು ಒರೆಸಿದಂತಿರುವುದರಿಂದ ಗೆರೆಗಳಿಗೆ ಕಪ್ಪು ವಾಷ್ ತುಂಬಿದರೆ ಬಿಳಿ ಮೈ ಮಕ್ಕಳ ಗೆರೆಚಿತ್ರದಂತಾಗುತ್ತದೆ, ನಸುಬೂದು ಸಾಕು. ಕಪ್ಪು ತುಂಬಿ ಆಗಿದ್ದರೆ, ಕೆಳಗೆ ಹೊಳಪಿನ ಅಕ್ರಿಲಿಕ್ ವಾರ್ನಿಷ್ ಇದ್ದರೆ, ಟರ್ಪೆಂಟೈನ್ ತಾಗಿಸಿದ ಇಯರ್‌ಬಡ್‌ನಿಂದ ಗಾಳಿ ಹರಿಯುವ ದಿಕ್ಕಿನಲ್ಲಿ ಒರೆಸಿದರೆ ಬರುತ್ತದೆ. ಟರ್ಪೆಂಟೈನ್ ಅನ್ನು ಸುರಿದು ನಿಲ್ಲಿಸಬೇಡಿ. ಬಿಗಿಯಾಗಿ ಕೂರಿಸಿದ ಕೀಲುಗಳೊಳಗೆ, ಮುಖ್ಯವಾಗಿ ಚಕ್ರದ ಕಾಲುಗಳ ಬುಡದಲ್ಲಿ, ಅದು ನಿಂತರೆ ಪ್ಲಾಸ್ಟಿಕ್ ಬಿರುಕುಬಿಟ್ಟು ಮುರಿಯುತ್ತದೆ.

ವಿಮಾನದ ವೇಗ ಅಳೆಯಲು ಮೂತಿಯಲ್ಲಿರುವ ಪಿಟೋ ಕಡ್ಡಿ ಈ ಹೊತ್ತಿಗೆ ಒಂದು ಸಲವಾದರೂ ಮುರಿದಿರುತ್ತದೆ. ಅದನ್ನು ಮತ್ತೆ ಅಂಟಿಸುವ ವ್ಯರ್ಥ ಪ್ರಯತ್ನ ಬಿಟ್ಟು, ಔಷಧಿ ಅಂಗಡಿಯ ಸಿರಿಂಜ್ ಸೂಜಿಯೊಂದನ್ನು ತಂದು, ಚೂಪು ತುದಿಯನ್ನು ಅರದಿಂದ ತೇಯ್ದು, ಮೂತಿಯಲ್ಲಿ ಕೈಡ್ರಿಲ್‌ನಿಂದ ತೂತು ಕೊರೆದು ಕೂರಿಸಿ. 26 ಗೇಜ್‌ನ ಸೂಜಿ ಸುಮಾರು 0.45 ಮಿಲಿಮೀಟರ್ ದಪ್ಪವಿದ್ದು 1:72ಕ್ಕೆ ನಂಬುವಂತಿರುತ್ತದೆ. ಎಲ್ಲ ಕೆಲಸ ಮುಗಿದ ಮೇಲೆ ಕೊನೆಗೆ ಕೂರಿಸುವುದು ನಿಮ್ಮ ಅಂಗೈಗೂ ಒಳ್ಳೆಯದು.

ಎಲ್ಲವನ್ನೂ ತೆಗೆಯಬೇಕಾದಾಗ

ಒಂದೇ ಭಾಗವನ್ನು ಮೂರನೆಯ ಸಲ ಉಜ್ಜುತ್ತಿದ್ದೀರಿ, ಪ್ಯಾನೆಲ್ ಗೆರೆಗಳು ಬಣ್ಣದಿಂದ ತುಂಬಿ ಮಸುಕಾಗಿವೆ ಎಂದಾದರೆ ತೇಪೆ ಹಾಕುವುದನ್ನು ನಿಲ್ಲಿಸಿ ಇಡೀ ಬಣ್ಣವನ್ನು ತೆಗೆಯುವುದೇ ಬೇಗ ಮುಗಿಯುವ ಕೆಲಸ. ಮೊದಲು ಗಾಜನ್ನು ಬಿಚ್ಚಿಡಬೇಕು, ಏಕೆಂದರೆ ಆಲ್ಕೊಹಾಲ್ ತಾಗಿದರೆ ಪಾರದರ್ಶಕ ಪ್ಲಾಸ್ಟಿಕ್ ಬಿರುಕು ಬಿಡಬಹುದು. ಅಕ್ರಿಲಿಕ್ ಆಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಕೆಲವು ಗಂಟೆ ನೆನೆಸಿ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿದರೆ ಬಿಡುತ್ತದೆ. ಅಕ್ರಿಲಿಕ್, ಎನಾಮೆಲ್ ಎರಡೂ ಬೆರೆತಿದ್ದರೆ ಮನೆಯಲ್ಲೇ ಇರುವ ಡೆಟಾಲ್ ದ್ರವವನ್ನು ನೀರು ಬೆರೆಸದೆ ಮುಚ್ಚಳದ ಡಬ್ಬಿಯಲ್ಲಿ ಸುರಿದು, ಮಾದರಿಯನ್ನು ಅದರಲ್ಲಿ ಒಂದು ದಿನ ಮುಳುಗಿಸಿಡಬಹುದು. ಗಟ್ಟಿಯಾದ ಲ್ಯಾಕರ್ ಇವೆರಡಕ್ಕೂ ಸುಲಭವಾಗಿ ಬಗ್ಗುವುದಿಲ್ಲ, ಅದನ್ನು ಕರಗಿಸುವ ಥಿನ್ನರ್ ಪ್ಲಾಸ್ಟಿಕ್ಕನ್ನೂ ತಿನ್ನುವುದರಿಂದ ಅದನ್ನು ಉಜ್ಜಿ ನಯಗೊಳಿಸಿ ಪ್ರೈಮರ್‌ನಂತೆ ಉಳಿಸಿಕೊಳ್ಳುವುದೇ ಜಾಣತನ.

ಡೆಟಾಲ್‌ನಿಂದ ಹೊರತೆಗೆದ ಮಾದರಿಯನ್ನು ಕೂಡಲೇ ನಲ್ಲಿಯ ಕೆಳಗೆ ಹಿಡಿಯಬಾರದು. ನೀರು ತಾಗಿದೊಡನೆ ಸಡಿಲಾದ ಬಣ್ಣವು ಅಂಟಂಟಾದ ಮುದ್ದೆಯಾಗಿ ಪ್ರತಿಯೊಂದು ಗೆರೆಯೊಳಗೂ ಹೊಕ್ಕು ಕೂರುತ್ತದೆ, ಅದನ್ನು ಕೀಳುವಷ್ಟರಲ್ಲಿ ಹೊಸ ಕಿಟ್ ಒಂದನ್ನು ಕಟ್ಟಿ ಮುಗಿಸಬಹುದು. ಕೈಗವಸು ತೊಟ್ಟು, ಬ್ರಷ್ಷನ್ನೂ ಡೆಟಾಲ್‌ನಲ್ಲೇ ಅದ್ದಿ, ಬಣ್ಣವೆಲ್ಲ ಹೋಗುವವರೆಗೆ ಉಜ್ಜಿ, ಹಳೆಯ ಬಟ್ಟೆಯಿಂದ ಒರೆಸಿದ ಮೇಲಷ್ಟೇ ಪಾತ್ರೆ ತೊಳೆಯುವ ಸೋಪು ಮತ್ತು ಬೆಚ್ಚಗಿನ ನೀರಿನಿಂದ ಎರಡು ಸಲ ತೊಳೆಯಬೇಕು. ಆಮೇಲೂ ಒಂದೆರಡು ದಿನ ಮಾದರಿಯಿಂದ ಆಸ್ಪತ್ರೆಯ ವಾಸನೆ ಬರುತ್ತಲೇ ಇರುತ್ತದೆ. ಆ ವಾಸನೆ ಪೂರ್ತಿ ಹೋಗುವವರೆಗೆ ಪ್ರೈಮರ್‌ನ ಮುಚ್ಚಳ ತೆರೆಯಬೇಡಿ.